ಗ್ಯಾಸಿನ ಕಟ್ಟಿ ಮತ್ತ ನಮ್ಮ ಹಿಮ್ಮಡ

ಮುಂಜಾನೆ ಎದ್ದು ಮೊದಲನೇ ಹೆಜ್ಜಿ ಇಟ್ಟಕೂಡಲೆ ಹಿಮ್ಮಡದಾಗ ಮುಳ್ಳು ಚುಚ್ಚಿದಂಗ ಆಗತದ, ನಾಕು ಹೆಜ್ಜಿ ನಡದಮ್ಯಾಲೆ ಸ್ವಲ್ಪ ಕಡಿಮಿ ಆಗತದ. ನಮ್ಮ ಓಣ್ಯಾಗ ಐವತ್ತು ದಾಟಿದ ಹೆಣ್ಣಮಕ್ಕಳು ಕೂಡಿದ್ರ ಇದ ಮಾತು. ವಾಯು ಅಂತಾರ, ತೂಕ ಅಂತಾರ, ಚಪ್ಪಲಿ ಅಂತಾರ. ಅಡಗಿಮನಿ ಕಟ್ಟಿ ಮ್ಯಾಲೆ ಮಾತ್ರ ಯಾರಿಗೂ ಸಂಶಯ ಬರೂದಿಲ್ಲ.

ನಮ್ಮ ಅಜ್ಜಿಯರು ಅಡಗಿ ಮಾಡಿದ್ದು ಕೂತು. ಒಲಿ ನೆಲದ ಮ್ಯಾಲೆ, ಈಳಿಗಿ ನೆಲದ ಮ್ಯಾಲೆ, ಬೀಸೂಕಲ್ಲು, ಒರಳು, ರೊಟ್ಟಿ ಬಡಿಯೋದು ಎಲ್ಲಾ ಮಣಿ ಹಾಕ್ಕೊಂಡು. ಹೊಗಿಗೆ ಕಣ್ಣು ಹೋದ್ವು, ಮೊಣಕಾಲು ಹೋದ್ವು, ಅದೇನು ಸುಖದ ಕಾಲ ಅಲ್ಲ. ಆದ್ರ ದಿನಾ ನಾಕೈದು ತಾಸು ಒಂದ ಜಾಗಾದಾಗ ನಿಂತವರಲ್ಲ. ನೆಲಾನೂ ಸೆಗಣಿ ಸಾರಿಸಿದ ಮಣ್ಣಿಂದು.

1960ರ ದಶಕದಾಗ ಇಂಡೇನ್ ಬಂತು. ನಮ್ಮ ಕಡೆ ಮನಿಮನಿಗೆ ಮುಟ್ಟೂದ್ರಾಗ 1980 ದಾಟಿತ್ತು. ಸಿಲಿಂಡರಿಗಿಂತ ಒಲಿ ಎತ್ತರಕ್ಕ ಇರಬೇಕು ಅಂತ ಕಂಪನಿಯವರ ನಿಯಮ. ಹಂಗಾಗಿ ಕಟ್ಟಿ ಕಟ್ಟಿಸಿದ್ವಿ, ಒಲಿ ಮ್ಯಾಲೇರಿತು, ಅದರ ಹಿಂದ ಮಿಕ್ಸರ್, ಚಾಕು, ಲಟ್ಟಣಗಿ ಎಲ್ಲಾ ಏರಿದ್ವು. ಕಡೀಕ ನಾವೂ ಎದ್ದು ನಿಂತ್ವಿ. ಕೆಳಗ ಮಣ್ಣು ಹೋಗಿ ಶಹಾಬಾದ ಕಲ್ಲು, ಆಮ್ಯಾಲೆ ಗ್ರಾನೈಟು, ಟೈಲ್ಸು. ಬರಿಗಾಲು ಮಾತ್ರ ಹಂಗ ಉಳೀತು.

ಈಗ ಮಾಡ್ಯುಲರ್ ಅಂತ ಹಾಕಿಸ್ತೀವಲ್ಲ, ಅದರ ಬೇರು ಜರ್ಮನಿಯ ಫ್ರಾಂಕ್‌ಫರ್ಟ್ ಊರಾಗ ಅದ. 1926ರಾಗ ಮಾರ್ಗರೆಟ್ ಶುಟ್ಟೆ-ಲಿಹೋಟ್ಸ್ಕಿ ಅಂತ ಒಬ್ಬಾಕಿ ಆರ್ಕಿಟೆಕ್ಟ್, ಕೂಲಿಕಾರರ ಹೊಸಾ ಮನಿಗಳಿಗೆ ಸಣ್ಣ ಅಡಗಿಮನಿ ಮಾಡಿಕೊಟ್ಟಳು. ಹೆಣ್ಣಮಕ್ಕಳು ಎಷ್ಟು ಹೆಜ್ಜಿ ಸುಮ್ಮನ ಓಡಾಡ್ತಾರ ಅಂತ ಲೆಕ್ಕಾ ಹಾಕಿ, ಕೈಗೆ ಸಿಗೂಹಂಗ ಎಲ್ಲಾ ಜೋಡಿಸಿದಳು. ಸುಮಾರು 10,000 ಮನಿಗೆ ಅದನ್ನ ಹಾಕಿದ್ರು. (ಅದಕ್ಕ ಮೊದಲ ಆಕಿ ಅಡಗೀನ ಮಾಡಿದ್ದಿಲ್ಲಂತ, ತಾನ ಹೇಳ್ಯಾಳ!) ಆದ್ರ ನನಗ ಹಿಡಿಸಿದ್ದು ಬ್ಯಾರೇನ. ಆ ಅಡಗಿಮನ್ಯಾಗ ಕಿಡಕಿ ಮುಂದ ಕಾಯಿಪಲ್ಲೆ ಹೆಚ್ಚೋ ಜಾಗಾ, ಅದರ ಹತ್ರ ತಿರಗೋ ಸ್ಟೂಲು. ಕೂತು ಕೆಲಸಾ ಮಾಡ್ಲಿ ಅಂತ. ನಾವು ಕಟ್ಟಿ ತಂದ್ವಿ, ಕಪಾಟು ತಂದ್ವಿ, ಸ್ಟೂಲು ಅಲ್ಲೇ ಬಿಟ್ಟು ಬಂದ್ವಿ.

ಹಿಮ್ಮಡದಿಂದ ಬೆರಳಿನ ತನಕಾ ಅಂಗಾಲಿನ ಕೆಳಗ ಒಂದು ಗಟ್ಟಿ ಪಟ್ಟಿ ಇರತದ. ತಾಸುಗಟ್ಟಲೆ ಬಿರುಸು ನೆಲದ ಮ್ಯಾಲೆ ನಿಂತ್ರ ಅದು ಜಗ್ಗಿ ನೋಯತದ. ವಯಸ್ಸಾದಂಗ ಹಿಮ್ಮಡದ ಕೊಬ್ಬಿನ ಮೆತ್ತೀನೂ ತೆಳ್ಳಗಾಗತದ. ರಾತ್ರಿ ಬಿಗದಿದ್ದು ಮುಂಜಾನೆ ಮೊದಲ ಹೆಜ್ಜಿಗೆ ಜಗ್ಗತದ, ಅದ ಮುಳ್ಳು.

ಮಡಿ ಅಂತ ಅಡಗಿಮನ್ಯಾಗ ಚಪ್ಪಲಿ ಒಲ್ಲದವರು ಒಂದು ಜೋಡಿ ಮೆತ್ತನ್ನ ಸ್ಲಿಪ್ಪರ್ ಅಲ್ಲಿಗಂತನ ಬ್ಯಾರೆ ಇಟ್ಟಕೊಳ್ರಿ, ಇಲ್ಲಾ ಕಟ್ಟಿ ಮುಂದ ದಪ್ಪನ್ನ ಚಾಪಿ ಹಾಕ್ರಿ. ಕಾಲು ಜೋಮು ಹಿಡಿತಿದ್ರ, ಸಕ್ಕರಿ ಕಾಯಿಲೆ ಇದ್ರ ಡಾಕ್ಟರಿಗೆ ತೋರಿಸ್ಲೇಬೇಕು. ಕಾಯಿಪಲ್ಲೆ ಸೋಸೋದು, ಬಳ್ಳೊಳ್ಳಿ ಸುಲಿಯೋದು, ಹಿಟ್ಟು ನಾದೋದು ಇವಕ್ಕೆಲ್ಲಾ ಕಟ್ಟಿ ಯಾಕ ಬೇಕು? ನಮ್ಮನ್ಯಾಗ ಈಗ ಫ್ರಿಜ್ಜಿನ ಬಾಜೂಕ ಒಂದು ಎತ್ತರದ ಸ್ಟೂಲ್ ಬಂದದ.