ಬ್ಯಾರಿ: ಒಂದೇ ಪದ, ಹಲವು ಅರ್ಥ

ಕರಾವಳಿಯಲ್ಲಿ 'ಬ್ಯಾರಿ' ಎಂದರೆ ಒಂದು ಸಮುದಾಯ, ಅವರಾಡುವ ಬಾಸೆಯೂ ಹೌದು. ಊರವರು ಕೆಲವೊಮ್ಮೆ ಮುಸ್ಲಿಮರೆಲ್ಲರನ್ನೂ ಬ್ಯಾರಿಗಳೆಂದೇ ಕರೆಯುವುದುಂಟು. ಉರ್ದು ಮನೆಮಾತಿನವರಿಗೆ ಅದು ಹೊಂದುವುದಿಲ್ಲ.

ಪದದ ಮೂಲದ ಬಗ್ಗೆ ಮೂರು ವಾದಗಳಿವೆ. ವ್ಯಾಪಾರಕ್ಕೆ ತುಳುವಿನಲ್ಲಿ 'ಬ್ಯಾರ' ಎನ್ನುತ್ತಾರೆ, ಅದರಿಂದ ಬಂತೆಂಬುದು ಒಂದು. ಕಡಲು ಎಂಬರ್ಥದ ಅರಬಿಯ 'ಬಹ್ರ್'ನಿಂದ ಎಂಬುದು ಇನ್ನೊಂದು. 'ಮಲಬಾರಿ'ಯ ಮೊದಲೆರಡು ಅಕ್ಷರ ಬಿದ್ದು 'ಬಾರಿ' ಉಳಿಯಿತು ಎನ್ನುವವರೂ ಇದ್ದಾರೆ. ಹಿರಿಯರ ಕಸುಬು ನೋಡಿದರೆ ಮೊದಲನೆಯದೇ ಸರಿ ಅನಿಸುತ್ತದೆ.

ಕಾಸರಗೋಡಿನ ಪುತ್ತಿಗೆಯಂಥ ಕಡೆ ಪ್ರಶ್ನೆಯೇ ಬೇರೆ. 1956ರವರೆಗೆ ಈ ಊರು ದಕ್ಷಿಣ ಕನ್ನಡದ್ದು, ಆಮೇಲೆ ಕೇರಳದ್ದು. ಅಲ್ಲಿ 'ಮಾಪ್ಪಿಳ' ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. 2009ರಲ್ಲಿ ಹುಟ್ಟಿದ ಬ್ಯಾರಿ ಸಾಹಿತ್ಯ ಅಕಾಡೆಮಿಯೂ ಕರ್ನಾಟಕದ್ದೇ. ಗಡಿ ಎಳೆದದ್ದು ರಾಜ್ಯಗಳ ನಡುವೆ. ನೆಂಟಸ್ತನ ಮಾತ್ರ ಎರಡೂ ಕಡೆ ಇದೆ. ಹಾಗಾಗಿ ಒಂದೇ ಕುಟುಂಬದಲ್ಲಿ ಅಕ್ಕ 'ಬ್ಯಾರ್ದಿ', ತಂಗಿಯ ಮಕ್ಕಳು 'ಮಾಪ್ಪಿಳ'.