ಕೋವಿ ಇರುವ ಮನೆಗೆ ಮಕ್ಕಳು ಬಂದಾಗ: ಎಲ್ಲಿಡಬೇಕು, ಹೇಗಿಡಬೇಕು?

ಮಡಿಕೇರಿ: ಕೈಲ್‌ಪೊಳ್ದ್ ಇರಲಿ, ಪುತ್ತರಿ ಇರಲಿ, ಬೇಸಿಗೆ ರಜೆ ಇರಲಿ, ಕೊಡಗಿನ ಮನೆಗಳಲ್ಲಿ ಆಗ ಮಕ್ಕಳದ್ದೇ ಗಲಾಟೆ. ಬೆಂಗಳೂರು, ಮೈಸೂರಿನಿಂದ ಮೊಮ್ಮಕ್ಕಳು ಬರುತ್ತಾರೆ. ಅಟ್ಟ ಹತ್ತುತ್ತಾರೆ, ಕಾಫಿ ಮೂಟೆಗಳ ಹಿಂದೆ ಅವಿತುಕೊಳ್ಳುತ್ತಾರೆ, ಅಜ್ಜನ ಬೀರು ತೆಗೆದು ನೋಡುತ್ತಾರೆ. ವರ್ಷವಿಡೀ ಇಬ್ಬರೇ ಇರುವ ಮನೆಯಲ್ಲಿ ಕೋವಿ ಬಾಗಿಲ ಮೂಲೆಗೆ ಒರಗಿಕೊಂಡಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಮಕ್ಕಳು ಬಂದ ದಿನ ಅದೇ ಮೂಲೆ ಅಪಾಯದ ಜಾಗವಾಗುತ್ತದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೋಳಿ ಫಾರ್ಮ್ ಒಂದರಲ್ಲಿ ಲೈಸೆನ್ಸ್ ಇದ್ದ ಕೋವಿ ಹದಿಹರೆಯದ ಹುಡುಗನ ಕೈಗೆ ಸಿಕ್ಕಿ ಗುಂಡು ಹಾರಿತು. ಸತ್ತಿದ್ದು ಒಂದು ಪುಟ್ಟ ಮಗು. ಕೋವಿ ಕಳ್ಳಮಾಲಲ್ಲ, ಹುಡುಗ ದುಷ್ಟನೂ ಅಲ್ಲ. ಕೈಗೆ ಸಿಗುವ ಜಾಗದಲ್ಲಿ ಈಡು ತುಂಬಿದ ಕೋವಿ ಇತ್ತು, ಅಷ್ಟೇ.

ವಿನಾಯಿತಿ ಇರುವುದು ಲೈಸೆನ್ಸ್‌ಗೆ ಮಾತ್ರ

ಕೊಡಗಿನ ಸಂಗತಿ ಉಳಿದ ಜಿಲ್ಲೆಗಳಂತಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಪಕ್ಕದ ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡದಲ್ಲಿ ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡವರಿಗೆ ಲೈಸೆನ್ಸ್ ಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಹೊಸದಾಗಿ ಅರ್ಜಿ ಹಾಕುವವರು ಸುರಕ್ಷತೆಯ ತರಬೇತಿ ಪಡೆದಿರಬೇಕು, ಕೋವಿಯನ್ನು ಭದ್ರವಾಗಿ ಇಡುತ್ತೇನೆಂದು ಬರೆದೂ ಕೊಡಬೇಕು.

ವಿನಾಯಿತಿ ಇರುವ ಮನೆಗೆ ಆ ಕಾಗದದ ಕೆಲಸ ಬರುವುದಿಲ್ಲ. ಅಂದರೆ ಕೋವಿ ಎಲ್ಲಿದೆ, ಹೇಗಿದೆ ಎಂದು ಕೇಳುವ ಸಂದರ್ಭವೂ ಕಮ್ಮಿ. ಆ ಪ್ರಶ್ನೆಯನ್ನು ಮನೆಯವರೇ ಕೇಳಿಕೊಳ್ಳಬೇಕು. ಜೀವಹಾನಿ ಆದರೆ ಲೈಸೆನ್ಸ್ ಬೇಕಿತ್ತೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಜೈಲು ಶಿಕ್ಷೆ ಇದೆ, ಯಾರಿಗೂ ವಿನಾಯಿತಿ ಇಲ್ಲ.

ಬಚ್ಚಿಟ್ಟರೆ ಸಾಲದು

‘ನಮ್ಮ ಮಕ್ಕಳಿಗೆ ಎಲ್ಲಿದೆ ಅಂತಲೇ ಗೊತ್ತಿಲ್ಲ.’ ಕೋವಿ ಇರುವ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತು ಇದು. ಮಂಚದಡಿ, ಬೀರು ಮೇಲೆ, ಅಟ್ಟದ ತೊಲೆಯ ಸಂದಿ, ಬಟ್ಟೆ ರಾಶಿಯ ಹಿಂದೆ ಇಟ್ಟು ದೊಡ್ಡವರು ನೆಮ್ಮದಿಯಾಗಿ ಇರುತ್ತಾರೆ. ಅಮೆರಿಕದ ಅಲಬಾಮಾ ರಾಜ್ಯದ ಹಳ್ಳಿಗಾಡಿನಲ್ಲಿ ವೈದ್ಯರು ಇದನ್ನೇ ಪರೀಕ್ಷೆ ಮಾಡಿದರು. ತಂದೆ-ತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮಗುವಿಗೆ ಜಾಗ ಗೊತ್ತಿಲ್ಲ ಎಂದ ಪೋಷಕರಲ್ಲಿ ಶೇ 39 ಮಂದಿಯ ಮಾತನ್ನು ಅವರ ಮಕ್ಕಳೇ ಸುಳ್ಳು ಮಾಡಿದರು. ಅವರಿಗೆ ಜಾಗ ಗೊತ್ತಿತ್ತು.

‘ಮುಟ್ಟಬೇಡ ಅಂತ ಹೇಳಿದ್ದೇವೆ’ ಎನ್ನುವುದು ಇನ್ನೊಂದು ನಂಬಿಕೆ. ಅಮೆರಿಕದ್ದೇ 2001ರ ಪ್ರಯೋಗವೊಂದರಲ್ಲಿ 8ರಿಂದ 12 ವರ್ಷದ ಹುಡುಗರನ್ನು ಇಬ್ಬರು-ಮೂವರಂತೆ ಒಂದು ಕೋಣೆಗೆ ಬಿಟ್ಟು ಗಾಜಿನ ಆಚೆಯಿಂದ ಗಮನಿಸಿದರು. ಡ್ರಾಯರ್‌ನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು ಇತ್ತು. 29 ಗುಂಪುಗಳಲ್ಲಿ 21 ಗುಂಪಿಗೆ ಅದು ಸಿಕ್ಕಿತು. 16 ಗುಂಪು ಕೈಗೆತ್ತಿಕೊಂಡಿತು, 10 ಗುಂಪಿನಲ್ಲಿ ಟ್ರಿಗರ್ ಒತ್ತಿದ್ದೂ ಆಯಿತು. ಹಾಗೆ ಮಾಡಿದ ಹುಡುಗರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಬುದ್ಧಿಮಾತು ಮೊದಲೇ ಹೇಳಿಯಾಗಿತ್ತು! ಮಕ್ಕಳಿಗೆ ಹೇಳಬೇಕು, ನಿಜ. ಆದರೆ ಹೇಳಿದ್ದೇವೆಂದು ಬೀಗ ಹಾಕದೆ ಬಿಡಬಾರದು.

ನಾಲ್ಕು ಕೆಲಸ

ಮನೆಯಲ್ಲಿ ಕೋವಿಯಿಂದ ಮಕ್ಕಳಿಗೆ ಆಗುವ ಅನಾಹುತಗಳ ಬಗ್ಗೆ 2005ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ನಾಲ್ಕು ಅಭ್ಯಾಸಗಳನ್ನು ಗುರುತಿಸಿತು: ಈಡು ತೆಗೆದು ಇಡುವುದು, ಕೋವಿಗೆ ಬೀಗ, ತೋಟಾಗಳಿಗೆ ಬೀಗ, ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಇಡುವುದು. ಇವು ಒಂದೊಂದೂ ಅನಾಹುತದ ಸಾಧ್ಯತೆ ತಗ್ಗಿಸುವುದು ಕಂಡುಬಂತು. ಅಂದರೆ ಇವತ್ತು ನಾಲ್ಕೂ ಆಗದಿದ್ದರೆ ಒಂದಾದರೂ ಮಾಡಿದರೆ ಲಾಭವಿದೆ.

ಈಡು ತೆಗೆಯುವ ವಿಷಯದಲ್ಲಿ ತೋಟಾ ಕೋವಿಗೂ ಮದ್ದು ತುಂಬುವ ಹಳೇ ಕೋವಿಗೂ ಬಹಳ ವ್ಯತ್ಯಾಸ. ತೋಟಾ ಕೋವಿಯನ್ನು ಮುರಿದು ನೋಡಿದರೆ ಸಾಕು, ನಳಿಗೆ ಖಾಲಿಯೋ ತುಂಬಿದೆಯೋ ತಿಳಿಯುತ್ತದೆ. ಹಳೇ ಜೋಡಿ ನಳಿಗೆಯ ಸೇಫ್ಟಿಯನ್ನು ನಂಬಿ ತೋಟಾ ಒಳಗೇ ಬಿಡುವವರಿದ್ದಾರೆ. ಸೇಫ್ಟಿ ಸವೆದಿರಬಹುದು, ಅದಕ್ಕಿಂತ ಹೆಚ್ಚಾಗಿ ಮಗುವಿನ ಬೆರಳು ಅದನ್ನೂ ತಳ್ಳುತ್ತದೆ.

ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆ ಕೋವಿಯೇ ಹೆಚ್ಚು ಮೋಸ ಮಾಡುವುದು. ರಾತ್ರಿ ಹಂದಿ ಕಾಯಲು ಗದ್ದೆಗೆ ಹೋಗುವಾಗ ತುಂಬಿದ್ದು, ಹಂದಿ ಬರಲಿಲ್ಲ, ಬೆಳಗ್ಗೆ ಹಾಗೇ ತಂದು ಗೂಟಕ್ಕೆ ನೇತುಹಾಕಿದ್ದು. ಹೊರಗಿನಿಂದ ನೋಡಿದರೆ ತುಂಬಿದ ಕೋವಿಯೂ ಖಾಲಿ ಕೋವಿಯೂ ಒಂದೇ. ಆರು ತಿಂಗಳ ನಂತರ ತುಂಬಿದವರಿಗೂ ನೆನಪಿರುವುದಿಲ್ಲ. ಪರೀಕ್ಷೆಗೆ ಹಳಬರ ಉಪಾಯ ಇದೆ: ಮೊದಲು ಕೇಪು ತೆಗೆದು, ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಮುಖ ಪಕ್ಕಕ್ಕಿಟ್ಟುಕೊಂಡು ಗಜವನ್ನು ಒಳಗೆ ಇಳಿಬಿಟ್ಟು ನಳಿಗೆಯ ಬಾಯಿ ಬರುವಲ್ಲಿ ಗುರುತು ಹಾಕಬೇಕು. ಹೊರತೆಗೆದು ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಗಜ ಕೇಪು ಕೂರುವ ಜಾಗದವರೆಗೆ ಮುಟ್ಟದೆ ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಮದ್ದಿದೆ ಎಂದೇ ಅರ್ಥ. ತೆಗೆಯುವುದು ಗೊತ್ತಿಲ್ಲದವರು ಕೆದಕಲು ಹೋಗಬಾರದು, ಅನುಭವಸ್ಥರನ್ನು ಮನೆಗೆ ಕರೆಸಿ ತೆಗೆಸಬೇಕು. ಕೇಪು ತೆಗೆದ ಮಾತ್ರಕ್ಕೆ ಕೋವಿ ಖಾಲಿ ಅಲ್ಲ.

ಬೀಗ ಹಾಕಲು ದುಬಾರಿ ಸೇಫ್ ಬೇಕಾಗಿಲ್ಲ. ಬೀರುವಿನ ಅಡ್ಡ ಹಲಗೆಗಳಿಂದಾಗಿ ಉದ್ದನೆಯ ನಳಿಗೆ ಅದರಲ್ಲಿ ಹಿಡಿಸುವುದಿಲ್ಲ ಎನ್ನುವುದು ಸಾಮಾನ್ಯ ತಕರಾರು. ಊರಿನ ವೆಲ್ಡಿಂಗ್ ಶಾಪ್‌ನಲ್ಲಿ ಕೋವಿಯ ಅಳತೆಗೆ ದಪ್ಪ ತಗಡಿನ ಪೆಟ್ಟಿಗೆ ಮಾಡಿಸಿ, ಒಳಗಿನಿಂದ ಗೋಡೆಗೆ ಬೋಲ್ಟ್ ಹಾಕಿಸಿದರೆ ಆಯಿತು. ಅದೂ ಆಗದಿದ್ದರೆ ಟ್ರಿಗರ್‌ಗೆ ಹಾಕುವ ಬೀಗ, ಇಲ್ಲವೇ ಮುರಿದ ಕೋವಿಯ ನಳಿಗೆಯೊಳಗೆ ತೂರಿಸಿ ಹಾಕುವ ಕೇಬಲ್ ಬೀಗ. ಇನ್ನೂ ಸುಲಭದ್ದು: ಜೋಡಿ ನಳಿಗೆ ಕೋವಿಯನ್ನು ಬಿಚ್ಚಿ, ನಳಿಗೆಯ ಕೆಳಗಿನ ಮರದ ತುಂಡನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡುವುದು. ರೈಫಲ್ ಆದರೆ ಬೋಲ್ಟ್ ತೆಗೆದಿಡುವುದು. ಗಾಜಿನ ಬಾಗಿಲಿನ ಶೋಕೇಸ್‌ಗೆ ಎಂಥ ಬೀಗ ಹಾಕಿದರೂ ಅದು ಲೆಕ್ಕಕ್ಕಿಲ್ಲ.

ಕೊಡಗಿನ ಮಳೆಯಲ್ಲಿ ಪೆಟ್ಟಿಗೆಯಲ್ಲಿಟ್ಟರೆ ತುಕ್ಕು ಹಿಡಿಯುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಎಣ್ಣೆ ಹಚ್ಚಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಆಗಾಗ ತೆಗೆದು ನೋಡಿದರೆ ಆಗುತ್ತದೆ. ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಸುತ್ತಿಡುವುದೇ ತೇವ ಹಿಡಿದಿಡುವುದು.

ಬೀಗದಷ್ಟೇ ಮುಖ್ಯ ಅದರ ಕೀ. ಪೆಟ್ಟಿಗೆಯ ಕೀ ದೇವರ ಫೋಟೊ ಹಿಂದೆ, ಗಡಿಯಾರದ ಮೇಲೆ, ಬೀರುವಿನದೇ ಗೊಂಚಲಲ್ಲಿ ಇದ್ದರೆ ಮಕ್ಕಳಿಗೆ ವಾರದೊಳಗೆ ಗೊತ್ತಾಗುತ್ತದೆ. ಅದು ಒಬ್ಬರ ಮೈಮೇಲೆ ಇರಬೇಕು, ಅಥವಾ ನಂಬರ್ ಲಾಕ್ ಹಾಕಿಸಬೇಕು. ಆ ನಂಬರ್ ಮಕ್ಕಳ ಹುಟ್ಟಿದ ದಿನ ಆಗಿರಬಾರದು.

ಮದ್ದು, ಕೇಪು ಮತ್ತು ಏರ್‌ಗನ್

ದೀಪಾವಳಿಯ ಆಟದ ಪಿಸ್ತೂಲಿಗೆ ಹಾಕುವುದನ್ನೂ ಮಕ್ಕಳು ‘ಕೇಪು’ ಎಂದೇ ಕರೆಯುತ್ತಾರೆ. ಕೋವಿಯ ತಾಮ್ರದ ಕೇಪು ಸಿಕ್ಕಿದರೆ ಕಲ್ಲಿನಿಂದ ಕುಟ್ಟಿ ನೋಡುವುದು ಅವರಿಗೆ ಸಹಜ. ಸಿಡಿದ ಚೂರು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹಾಗಾಗಿ ಕೇಪಿನ ಡಬ್ಬಿಗೂ ಮದ್ದಿಗೂ ತೋಟಾಗಳಿಗೂ ಕೋವಿಯಷ್ಟೇ ಕಟ್ಟುನಿಟ್ಟು ಬೇಕು. ಮದ್ದು ಒಣಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವುದಂತೂ ಬೇಡವೇ ಬೇಡ, ಅದಕ್ಕೆ ಒಂದು ಕಿಡಿ ಸಾಕು. ತೋಟಾಗಳನ್ನು ಎಣಿಸಿಟ್ಟರೆ ಒಂದು ಕಾಣೆಯಾದರೂ ಅವತ್ತೇ ತಿಳಿಯುತ್ತದೆ.

ಮಂಗ ಓಡಿಸಲು ತಂದ ಏರ್‌ಗನ್ ಅನೇಕ ಮನೆಗಳಲ್ಲಿ ಚಪ್ಪಲಿ ಸ್ಟ್ಯಾಂಡ್ ಪಕ್ಕದಲ್ಲೇ ಇರುತ್ತದೆ. ಕಡಿಮೆ ಶಕ್ತಿಯ .177 ಏರ್‌ಗನ್‌ಗೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಅದು ಆಟಿಕೆ ಅಲ್ಲ. ಹತ್ತಿರದಿಂದ ತಗುಲಿದರೆ ಪುಟ್ಟ ಮಗುವಿನ ಜೀವಕ್ಕೇ ಕುತ್ತು. ಅದನ್ನೂ ಬೀಗದೊಳಗೆ ಇಡಬೇಕು.

ಮನೆ ಮಕ್ಕಳಷ್ಟೇ ಅಲ್ಲ

ಲೈನ್‌ಮನೆಯ ಕಾರ್ಮಿಕರ ಮಕ್ಕಳು ಅಂಗಳಕ್ಕೆ ಆಡಲು ಬರುತ್ತಾರೆ. ಹೋಂಸ್ಟೇ ಅತಿಥಿಗಳ ಮಕ್ಕಳು ಗೋಡೆಯ ಮೇಲಿನ ಅಲಂಕಾರದ ಕೋವಿ ಹಿಡಿದು ಫೋಟೊ ಬೇಕೆಂದು ಹಟ ಮಾಡುತ್ತಾರೆ. ಪ್ರವಾಸಿಗರ ಕಣ್ಣಿಗೆ ಕೋವಿ ಕೊಡಗಿನ ಗುರುತು, ಸರಿ. ಆದರೆ ಕೈಗೆಟುಕುವ ಗೋಡೆಗೆ ಉಪಯೋಗದಲ್ಲಿರುವ ಕೋವಿ ನೇತುಹಾಕುವ ಹೋಂಸ್ಟೇಗೆ ಅಲಂಕಾರಕ್ಕೆ ಬೇರೆ ಏನಾದರೂ ಸಿಗುತ್ತಿತ್ತು. ಕೋವಿಯನ್ನು ತೋಟದ ಕೆಲಸದವರ ಕೈಗೆ ಕೊಟ್ಟು ಮಂಗ ಓಡಿಸಲು ಕಳುಹಿಸುವುದು ಕಾನೂನಿಗೂ ವಿರುದ್ಧ. 21 ವರ್ಷ ತುಂಬದವರು ಕೋವಿ ಹೊಂದುವಂತೆಯೂ ಇಲ್ಲ.

ಮಕ್ಕಳನ್ನು ನೆಂಟರ ಮನೆಗೆ ಬಿಡುವಾಗ ‘ಮಾವ, ಕೋವಿ ಒಳಗಿಟ್ಟು ಬೀಗ ಹಾಕಿದ್ದೀರಾ?’ ಎಂದು ಕೇಳಲು ಸಂಕೋಚವಾಗುತ್ತದೆ. ನಾಯಿ ಕಟ್ಟಿದ್ದೀರಾ ಎಂದು ಕೇಳಲು ಯಾರಿಗೂ ಸಂಕೋಚವಿಲ್ಲವಲ್ಲ! ಮಕ್ಕಳಿಗೆ ಹೇಳಿಕೊಡಬೇಕಾದದ್ದು ಚಿಕ್ಕದು: ಕೋವಿ ಕಂಡರೆ ಮುಟ್ಟಬೇಡ, ಆ ಜಾಗ ಬಿಟ್ಟು ಬಾ, ದೊಡ್ಡವರಿಗೆ ಹೇಳು. ಹೇಳಿದ ಮಗುವಿಗೆ ಬೈಯಬಾರದು, ಬೈದರೆ ಮುಂದಿನ ಸಲ ಹೇಳುವುದಿಲ್ಲ.

ಮನೆಯಲ್ಲಿ ಯಾರಾದರೂ, ಅದರಲ್ಲೂ ಹದಿಹರೆಯದವರು, ಮನಸ್ಸು ಕೆಟ್ಟು ಕೂತಿದ್ದರೆ ಬೀಗ ಸಾಲದು, ಕೋವಿಯನ್ನೇ ಮನೆಯಿಂದ ಆಚೆ ಇಡುವುದು ಒಳ್ಳೆಯದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಕೋವಿಯನ್ನು ಮನೆಯಾಚೆ ಇಡುವುದು ಹೊಸದೇನಲ್ಲ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟು ರೂಢಿ ಇದೆ. ಉಳಿದ ಸಮಯದಲ್ಲೂ ಪರವಾನಗಿ ಹೊಂದಿದ ಶಸ್ತ್ರಾಸ್ತ್ರ ವ್ಯಾಪಾರಿಗಳ ಬಳಿ ಸುರಕ್ಷಿತವಾಗಿ ಇಡಲು ಅವಕಾಶ ಇದೆ, ಠಾಣೆಯಲ್ಲಿ ವಿಚಾರಿಸಿ ರಸೀದಿ ಪಡೆದು ಇಡಬಹುದು. ಹಿಂದೆಯೂ ನಾಟಿ ಮುಗಿಯುವವರೆಗೆ ಕೋವಿ-ಕತ್ತಿಗಳೆಲ್ಲ ಕನ್ನಿಕೊಂಬರೆ ಸೇರುತ್ತಿದ್ದವು. ಕೈಲ್‌ಪೊಳ್ದ್ ದಿನ ಹೊರತೆಗೆದು, ಒರೆಸಿ, ತೋಕ್ ಪೂ ಮುಡಿಸಿ ಪೂಜೆ ಮಾಡುವುದು. ಈಗಲೂ ಸೆಪ್ಟೆಂಬರ್ 3ಕ್ಕೆ ಕೋವಿ ಹೊರಬರುತ್ತದೆ. ಹೂ ಮುಡಿಸುವ ಮೊದಲು ನಳಿಗೆ ಖಾಲಿ ಇದೆಯೇ ಎಂದು ಒಬ್ಬರು ನೋಡಬೇಕು, ಆಮೇಲೆ ಇನ್ನೊಬ್ಬರು ನೋಡಬೇಕು. ಸಂಜೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿಸಿ ಬಂದವರು ಊಟಕ್ಕೆ ಕೂರುವ ಮುಂಚೆಯೇ ಅದನ್ನು ಪೆಟ್ಟಿಗೆಗೆ ಸೇರಿಸಬೇಕು.