ಪರದೆಗಾಗಿ ಹೋರಾಡಿದ ಕೊರಿಯಾ

1988ರಲ್ಲಿ ದಕ್ಷಿಣ ಕೊರಿಯಾದ ಚಿತ್ರಮಂದಿರಗಳಲ್ಲಿ ಹಾವುಗಳು ಕಾಣಿಸಿಕೊಂಡವು. ‘ಫೇಟಲ್ ಅಟ್ರಾಕ್ಷನ್’ ಎಂಬ ಅಮೆರಿಕನ್ ಚಿತ್ರದ ಪ್ರದರ್ಶನ ಕೆಡಿಸಲು ಪ್ರತಿಭಟನಕಾರರು ಅವನ್ನು ಒಳಗೆ ಬಿಟ್ಟಿದ್ದರು. ಅದುವರೆಗೆ ಹಾಲಿವುಡ್ ಚಿತ್ರಗಳನ್ನು ಅಲ್ಲಿನ ಕಂಪೆನಿಗಳೇ ತರಿಸಿ ಹಂಚುತ್ತಿದ್ದವು. ಆ ಲಾಭದಿಂದ ದೇಶಿ ಚಿತ್ರಗಳೂ ತಯಾರಾಗುತ್ತಿದ್ದವು. ಅಮೆರಿಕದ ಒತ್ತಡಕ್ಕೆ ಮಣಿದ ಸರ್ಕಾರ ಹಾಲಿವುಡ್ ಸ್ಟುಡಿಯೊಗಳಿಗೆ ನೇರ ಹಂಚಿಕೆಯ ಬಾಗಿಲು ತೆರೆದಿತ್ತು. ಜಾಗತೀಕರಣವೆಂಬ ಶಬ್ದ ಮನೆಮಾತಾಗುವ ಮೊದಲೇ ಅದರ ಬಿಸಿ ಕೊರಿಯಾಕ್ಕೆ ತಟ್ಟಿತ್ತು.

ರಕ್ಷಣೆ ಇರಲಿಲ್ಲವೆಂದಲ್ಲ. ಪ್ರತಿ ಚಿತ್ರಮಂದಿರವೂ ವರ್ಷಕ್ಕೆ 146 ದಿನ ದೇಶಿ ಚಿತ್ರ ತೋರಿಸಬೇಕೆಂಬ ನಿಯಮವಿತ್ತು. ಆದರೆ ಅದು ಹೆಚ್ಚಾಗಿ ಕಾಗದದಲ್ಲೇ ಉಳಿದಿತ್ತು. 1993ರ ವೇಳೆಗೆ ದೇಶಿ ಚಿತ್ರಗಳ ಪಾಲು ಸುಮಾರು ಶೇ 16ಕ್ಕೆ ಕುಸಿಯಿತು. ಆಗ ಚಿತ್ರಕರ್ಮಿಗಳು ತಾವೇ ಕಾವಲುಪಡೆ ಕಟ್ಟಿ ಚಿತ್ರಮಂದಿರಗಳ ಮೇಲೆ ಕಣ್ಣಿಟ್ಟರು.

ಆದರೆ ಮೀಸಲಾದ ಪರದೆಯ ಮೇಲೆ ತೋರಿಸುವುದೇನು? ಸೈನಿಕ ಆಳ್ವಿಕೆಯ ಕಾಲದ ಸೆನ್ಸಾರ್ ಕತ್ತರಿ ಕತೆಗಾರರ ಕೈಕಟ್ಟಿತ್ತು. 1996ರಲ್ಲಿ ಸಂವಿಧಾನ ನ್ಯಾಯಾಲಯ ಚಿತ್ರಗಳ ಪೂರ್ವ ಸೆನ್ಸಾರ್ ಅಸಾಂವಿಧಾನಿಕವೆಂದು ತೀರ್ಪಿತ್ತಿತು. ಅದೇ ವರ್ಷ ಬುಸಾನ್ ಅಂತರರಾಷ್ಟ್ರೀಯ ಚಿತ್ರೋತ್ಸವ ಆರಂಭವಾಯಿತು. 1999ರಲ್ಲಿ ಬಂದ ‘ಶಿರಿ’ ಹಾಲಿವುಡ್ ಸಾಹಸಚಿತ್ರದ ವರಸೆಯಲ್ಲೇ ಇಬ್ಭಾಗವಾದ ನಾಡಿನ ನೋವನ್ನು ಹೇಳಿ, ಕೊರಿಯಾದಲ್ಲಿ ‘ಟೈಟಾನಿಕ್’ನ ದಾಖಲೆಯನ್ನು ಮುರಿಯಿತು. ಎದುರಾಳಿಯ ಪಟ್ಟು ಕಲಿತೇ ಎದುರಾಳಿಯನ್ನು ಮಣಿಸಿದಂತಾಯಿತು.

2006ರ ಜುಲೈನಲ್ಲಿ, ಅಮೆರಿಕದೊಡನೆ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆಯ ಸಲುವಾಗಿ, 146 ದಿನಗಳ ಮೀಸಲು 73ಕ್ಕಿಳಿಯಿತು. ಇದನ್ನು ವಿರೋಧಿಸಿ ‘ಓಲ್ಡ್‌ಬಾಯ್’ ಖ್ಯಾತಿಯ ನಟ ಚೊಯ್ ಮಿನ್-ಸಿಕ್ ಸರ್ಕಾರ ಕೊಟ್ಟಿದ್ದ ಪದಕವನ್ನೇ ಹಿಂದಿರುಗಿಸಿದರು. ವಿಚಿತ್ರವೆಂದರೆ, ಅದೇ ತಿಂಗಳು ಬಾಂಗ್ ಜೂನ್-ಹೊ ಅವರ ‘ದಿ ಹೋಸ್ಟ್’ 600ಕ್ಕೂ ಹೆಚ್ಚು ಪರದೆಗಳನ್ನು ಆಕ್ರಮಿಸಿತು. ಪುಟ್ಟ ಚಿತ್ರಗಳಿಗೆ ಜಾಗವೆಲ್ಲಿ ಎಂಬ ಕೂಗು ಈ ಬಾರಿ ಎದ್ದದ್ದು ಸ್ವದೇಶಿ ಚಿತ್ರವೊಂದರ ವಿರುದ್ಧ!

ಅದೇ ನಿರ್ದೇಶಕರ ‘ಪ್ಯಾರಸೈಟ್’ 2020ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ಇಂಗ್ಲಿಷೇತರ ಚಿತ್ರವೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಬಡವ-ಬಲ್ಲಿದರ ಅಂತರವನ್ನು ಚುಚ್ಚಿ ತೋರಿಸಿದ ಆ ಚಿತ್ರದ ಬೆನ್ನಿಗಿದ್ದುದು ಸಿ.ಜೆ. ಎಂಬ ಬೃಹತ್ ಉದ್ಯಮ ಸಮೂಹ. ಕೊರಿಯಾದ ಬಹುದೊಡ್ಡ ಮಲ್ಟಿಪ್ಲೆಕ್ಸ್ ಜಾಲವೂ ಅದರದೇ.

ಕೊರಿಯಾದ ಕತೆಯನ್ನು ಸ್ವದೇಶಿಯ ಗೆಲುವೆಂದು ಮಾತ್ರ ಓದಿದರೆ ಅರ್ಧವನ್ನಷ್ಟೇ ಓದಿದಂತೆ. ಕಾನೂನು ಪರದೆಯನ್ನು ಉಳಿಸಿತು, ಸ್ವಾತಂತ್ರ್ಯ ಅದಕ್ಕೆ ಜೀವ ತುಂಬಿತು. ಆದರೆ ಹೊರಗಿನ ದೈತ್ಯನನ್ನು ಎದುರಿಸುತ್ತಲೇ ಮನೆಯೊಳಗೂ ದೈತ್ಯರು ಬೆಳೆದರು. ಪರದೆ ಯಾರದು ಎಂಬ ಪ್ರಶ್ನೆ ಗಡಿಯಲ್ಲಿ ಮುಗಿಯುವುದಿಲ್ಲ.